ತೀರ್ಮಾನದಲ್ಲಿ ಇಲ್ಲದ ಸಾಲು

ಬುಧವಾರ, ಬೆಳಿಗ್ಗೆ

ಮಗಳಿಗೆ ಆಶೀರ್ವಾದ.

ಈ ಮನೆಗೆ ಹಿರಿಯಳು ನಾನು. ನಿನ್ನ ಅಣ್ಣಂದಿರು ಇವತ್ತಿಗೂ ನನ್ನನ್ನು ಕೇಳದೆ ಒಂದು ಬಾಗಿಲಿಗೆ ಬಣ್ಣ ಹೊಡೆಸುವುದಿಲ್ಲ. ನಾನು ಓದಿದ್ದು ಹೈಸ್ಕೂಲು. ಆದರೂ ನಿನ್ನನ್ನು ಸಂಶೋಧನೆಗೆ ಕಳಿಸಲೇಬೇಕೆಂದು ಎಲ್ಲರೆದುರು ಪಟ್ಟು ಹಿಡಿದವಳು ನಾನೇ. ಆ ಅಧಿಕಾರದಿಂದ ಬರೆಯುತ್ತಿದ್ದೇನೆ. ಪೂರ್ತಿ ಓದು. ನಡುವೆ ಫೋನ್ ಮಾಡಬೇಡ.

ನಿನ್ನ ಚಿಕ್ಕಮ್ಮನ ಎರಡು ಕಿಡ್ನಿಯೂ ಕೈಕೊಟ್ಟಿವೆ. ನೀನು ಪ್ರಬಂಧ ಬರೆದ ಆ ಮಂಡಿನೋವಿನ ಮಾತ್ರೆಯಿಂದಲೇ ಹೀಗಾಗಿದೆ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದರು. ಈ ವಯಸ್ಸಿನವಳಿಗೆ ಅದನ್ನು ಯಾಕೆ ಕೊಟ್ಟಿರಿ ಎಂದು ತರಾಟೆಗೆ ತೆಗೆದುಕೊಂಡೆ. ಅಮ್ಮಾ, ಇಡೀ ಪ್ರಬಂಧ ಓದೋಕೆ ಪುರಸೊತ್ತೆಲ್ಲಿ, ಕೊನೇ ತೀರ್ಮಾನ ನೋಡ್ತೀವಿ, ಎಲ್ಲ ವಯಸ್ಸಿನವರಿಗೂ ಸುರಕ್ಷಿತ ಅಂತ ಅದರಲ್ಲೇ ಇತ್ತಲ್ಲ ಅಂದರು. ಆ ಹಾಳೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಅವರಿಗೆ ತೋರಿಸಿದ್ದು ಚಿಕ್ಕಮ್ಮನೇ.

ರಜೆಗೆ ಬಂದಾಗ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ನಮಗೆ ಪಾಠ ಮಾಡಿದ್ದೆ. ತೀರ್ಮಾನ ಅಂದ್ರೆ ನೋಡಿದ್ದಷ್ಟೇ ಹೇಳೋದು ಅಮ್ಮ, ನೋಡದೇ ಇರೋದನ್ನ ನೋಡಿಲ್ಲ ಅಂತ ಒಪ್ಕೊಳ್ಳೋದು ಅಂದಿದ್ದೆ. ಅರವತ್ತು ದಾಟಿದವರ ಮೇಲೆ ಪರೀಕ್ಷೆ ನಡೆದಿಲ್ಲ, ಅವರ ಬಗ್ಗೆ ಏನೂ ಹೇಳಲಾಗದು ಎಂಬ ಸಾಲು ಆಗ ಅದರಲ್ಲಿತ್ತು. ಹಾಗಾದ್ರೆ ನಾವು ಲೆಕ್ಕಕ್ಕೇ ಇಲ್ವೇನೇ ಅಂತ ಚಿಕ್ಕಮ್ಮ ನಿನ್ನ ಕಿವಿ ಹಿಂಡಿದ್ದಳು.

ಅಚ್ಚಾಗಿ ಬಂದಾಗ ಆ ಸಾಲು ಇರಲಿಲ್ಲ, ಅದರ ಜಾಗದಲ್ಲಿ ಎಲ್ಲ ವಯಸ್ಸಿನವರಿಗೂ ಸುರಕ್ಷಿತ ಎಂದಿತ್ತು. ನೋಡಕ್ಕಾ, ನನಗೋಸ್ಕರ ಮತ್ತೆ ಪರೀಕ್ಷೆ ಮಾಡಿ ಮುದುಕಿಯರನ್ನೂ ಸೇರಿಸಿದಾಳೆ ಹುಡುಗಿ ಎಂದು ಚಿಕ್ಕಮ್ಮ ಹಿಗ್ಗಿಹೋದಳು. ನಾನೂ ನಂಬಿದೆ.

ಆಸ್ಪತ್ರೆಯಿಂದ ಬಂದು ಫೋನಿನಲ್ಲಿ ನಿನ್ನನ್ನು ಕೇಳಿದರೆ, ಆ ಸಾಲಿದ್ರೆ ತೀರ್ಮಾನ ಸಪ್ಪೆ ಆಗುತ್ತೆ ಅಂತ ಗೈಡ್ ತೆಗೆಸಿದ್ರು ಅಂದೆ. ಒಳಗೆ ಪಟ್ಟಿಯಲ್ಲಿ ಪರೀಕ್ಷೆಗೆ ಬಂದವರ ವಯಸ್ಸು ಇದೆಯಲ್ಲ, ನೋಡೋರು ನೋಡ್ಕೋತಾರೆ ಅಂದೆ. ಗೈಡ್ ಹೇಳಿರಬಹುದು. ಬರೆದ ಕೈ ನಿನ್ನದು. ವಿಭಾಗದಲ್ಲಿ ಕೆಲಸದ ಆದೇಶ ಬರೋವರೆಗೂ ಬಾಯಿ ಬಿಡಬೇಡಮ್ಮ, ಆಮೇಲೆ ನಾನೇ ತಿದ್ದುಪಡಿ ಕಳಿಸ್ತೀನಿ ಎಂದು ನೀನು ಅತ್ತುಬಿಟ್ಟೆ. ಅಲ್ಲಿಯವರೆಗೆ ಇನ್ನೆಷ್ಟು ಮನೆಗಳ ಮುದುಕಿಯರು ಅದನ್ನು ನುಂಗಬೇಕು? ಅವರಿಗೂ ಅಕ್ಕತಂಗಿಯರಿದ್ದಾರೆ.

ಆದ್ದರಿಂದ ಕಳೆದ ತಿಂಗಳೇ ನಿನ್ನ ದೊಡ್ಡಣ್ಣನ ಕೈಯಲ್ಲಿ ಆ ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ಎಲ್ಲವನ್ನೂ ಬರೆಸಿದೆ. ಬೇಡಮ್ಮ, ಅವಳ ಬದುಕು ಹಾಳಾಗುತ್ತೆ ಎಂದು ಅವನು ಪೆನ್ನು ಕೆಳಗಿಟ್ಟ. ಎತ್ತಿಕೋ ಅಂದೆ. ಪ್ರಬಂಧ ಬರೆದವಳ ತಾಯಿ ಎಂದೇ ಸಹಿ ಹಾಕಿದೆ, ಡಾಕ್ಟರೂ ಹಾಕಿದರು. ಪ್ರಬಂಧವನ್ನು ಹಿಂತೆಗೆದುಕೊಂಡಿದ್ದೇವೆ, ನಿನ್ನ ವಿಭಾಗಕ್ಕೂ ತಿಳಿಸಿದ್ದೇವೆ ಎಂದು ನಿನ್ನೆ ಉತ್ತರ ಬಂತು. ಆ ಕೆಲಸ ಇನ್ನು ನಿನಗೆ ಸಿಗುವುದಿಲ್ಲ. ಗೊತ್ತಿದ್ದೇ ಮಾಡಿದ್ದೇನೆ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಚಿಕ್ಕಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಮಾತ್ರೆ ನಿಲ್ಲಿಸಿದ್ದರಿಂದಲೇ ತನಗೆ ಹೀಗಾಯಿತು ಎಂದು ತಿಳಿದಿದ್ದಾಳೆ. ಹುಡುಗಿ ನನಗೋಸ್ಕರ ಅಷ್ಟು ಒದ್ದಾಡಿದಾಳೆ, ನಿಲ್ಸೋಕೆ ನೀನ್ಯಾರೇ ಎಂದು ದಿನವೂ ನನ್ನನ್ನು ಬೈಯುತ್ತಾಳೆ. ಸಂಪಾದಕರಿಗೆ ಹೇಳಿದವಳಿಗೆ ಅವಳ ಮುಂದೆ ಬಾಯಿ ಬರುತ್ತಿಲ್ಲ. ಬೈಸಿಕೊಂಡು ಕೂತಿದ್ದೇನೆ.