ಹಾಲಿನ ಲೋಟದಲ್ಲಿ ತಂದ ಹಲ್ಲು

ಡಾಕ್ಟರ್ ಹೃಷೀಕೇಶರೇ,

ಇವತ್ತು ಮುಂಬಯಿ ಪಕ್ಕದ ಠಾಣೆ ಊರಿನ ಕ್ಲಿನಿಕ್ಕಿನಲ್ಲಿ ನನ್ನ ಮಗಳು ಅಪರ್ಣಾಳ ಹಲ್ಲಿನ ತಂತಿ ಬಿಚ್ಚಿದರು. ನೀವು ಉಳಿಸಿಕೊಟ್ಟ ಮುಂದಿನ ಹಲ್ಲು ಈಗ ನೇರವಾಗಿದೆ, ಗಟ್ಟಿಯಾಗಿಯೂ ಇದೆ.

ದಿವಾ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಅವಳು ಬಿದ್ದು ಆ ಹಲ್ಲು ಬೇರುಸಮೇತ ಕಿತ್ತುಬಂದ ದಿನ ನಾನು ರೈಲ್ವೆಯವರನ್ನು ಬೈಯುತ್ತ ನಿಂತಿದ್ದೆ. ನೀವು ಫೋನಿನಲ್ಲಿ, "ಪ್ರೇಮನಾಥರೇ, ಬೈಗುಳ ಆಮೇಲೆ. ಹಲ್ಲು ಉಜ್ಜಬೇಡಿ ಮಾರಾಯ್ರೆ, ಹಾಲಲ್ಲಿ ಹಾಕಿ ತನ್ನಿ" ಎಂದಿರಿ. ನಮ್ಮೂರಿನವರ ಹೋಟೆಲಿನಲ್ಲಿ ಒಂದು ಲೋಟ ಹಾಲು ಕೇಳಿ ಪಡೆದು ಅವಳನ್ನು ಕರೆದುಕೊಂಡು ಡೊಂಬಿವಲಿಯ ನಿಮ್ಮ ಕ್ಲಿನಿಕ್ಕಿಗೆ ಓಡಿಬಂದೆ. ನೀವು ಹಲ್ಲನ್ನು ಮತ್ತೆ ಕೂರಿಸಿದಿರಿ.

ಅದು ಸೊಟ್ಟಗಿದೆ, ತಂತಿ ಹಾಕಿ ಎಂದು ನಾನು ಕೇಳಿದರೆ ಮಾತ್ರ "ಒಂದು ವರ್ಷ ಕಾಯಿರಿ" ಎಂದಿರಿ. ನಾನು ನಾಲ್ಕು ಪುಸ್ತಕ ಓದಿದವನಲ್ಲವೇ! ನಿಮಗೆ ಕೆಲಸ ಗೊತ್ತಿಲ್ಲವೆಂದು ನಮ್ಮ ಕನ್ನಡ ಸಂಘದ ಸಭೆಯಲ್ಲಿ ಎಲ್ಲರೆದುರು ಎದ್ದುನಿಂತು ಹೇಳಿದೆ. ನೀವೂ ಅಲ್ಲೇ ಕುರ್ಚಿಯಲ್ಲಿ ಕೂತಿದ್ದಿರಿ. ಅಪರ್ಣಾ ಮಾತ್ರ "ಡಾಕ್ಟರ್ ಅಂಕಲ್ ಬೋಲೇ ಹೈಂ, ತೋ ರುಕೂಂಗಿ" ಎಂದಳು; ನೀವು ಹೇಳಿದ ಮೇಲೆ ಕಾಯುವುದೇ ಸರಿ ಎಂದು ಹಟ ಹಿಡಿದು ಕಾದಳು.

ಗಾಯಗೊಂಡ ಬೇರು ಮಾಯುವ ಮೊದಲೇ ತಂತಿ ಬಿಗಿದು ಎಳೆದಿದ್ದರೆ ಈ ಹಲ್ಲು ಉಳಿಯುವುದು ಕಷ್ಟವಿತ್ತು ಎಂದು ತಂತಿ ಹಾಕಿದ ಡಾಕ್ಟರ್ ಸೋನಾಲಿ ಇವತ್ತು ಎಕ್ಸ್‌ರೇ ತೋರಿಸಿ ಹೇಳಿದರು. "ಅಂಕಲ್, ಕಾಯಿಸಿದ ಆ ಡಾಕ್ಟರ್‌ಗೆ ಮೇರಾ ನಮಸ್ಕಾರ್ ಬೋಲ್ನಾ" ಎಂದು ತಮ್ಮ ನಮಸ್ಕಾರ ತಿಳಿಸಲೂ ಹೇಳಿದರು.

ನೀವು ತೀರಿಹೋಗಿ ಎರಡು ವರ್ಷವಾಯಿತು. ಆದರೂ "ಹೇಳುತ್ತೇನೆ" ಎಂದೆ.

ಭಾನುವಾರ ಸಂಘದ ಸಭೆಯಿದೆ. ಅವತ್ತು ನಿಮ್ಮನ್ನು ಜರೆದು ನಿಂತಲ್ಲಿಯೇ ಎದ್ದುನಿಂತು ಆ ನಮಸ್ಕಾರ ತಲುಪಿಸುತ್ತೇನೆ. ನೀವು ಕೂತಿದ್ದ ಕುರ್ಚಿ ಯಾವುದೆಂದು ನನಗೆ ನೆನಪಿದೆ.