ಮೊಗ್ಗು ಚಿವುಟಿದವರು

ಸೆ. 7, ಭಾನುವಾರ

ಇವರ ಮೈ ಒರೆಸಿ, ಬಟ್ಟೆ ಬದಲಿಸಿ, ಕಿಟಕಿಯ ಕಡೆ ಮಗ್ಗುಲು ತಿರುಗಿಸಿದೆ. ಬೆನ್ನು ತಿರುಗಿಸುವಷ್ಟರಲ್ಲಿ ಮತ್ತೆ ಗೋಡೆಗೇ ಮುಖ.

ಸ್ಟ್ರೋಕ್ ಆಗಿ ಐದು ತಿಂಗಳು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಉಳಿದದ್ದು ಒಂದೇ ಪದ—‘ಬೇಡ’. ಊಟ? ಬೇಡ. ಕೈ ವ್ಯಾಯಾಮ? ಬೇಡ. ವಾಕರ್ ಹಿಡಿದು ನಾಲ್ಕು ಹೆಜ್ಜೆ? ಬೇಡ. ಇಡೀ ಭಾಷೆಯಲ್ಲಿ ಉಳಿಸಿಕೊಳ್ಳಲು ಬೇರೆ ಪದವೇ ಸಿಗಲಿಲ್ಲವೇ ಈ ಮನುಷ್ಯನಿಗೆ.

ಕೂಗಬಾರದು. ಡಾಕ್ಟರ ಆರ್ಡರ್. "ಮನೇಲಿ ಜಗಳ, ಕೂಗಾಟ ಏನೂ ಬೇಡ. ಸಮಾಧಾನವಾಗಿ ಮಾತಾಡಿಸಿ." ಮಾತಾಡಿಸುತ್ತಿದ್ದೇನೆ, ಸ್ಟೇಷನ್ನಿನ ಅನೌನ್ಸ್‌ಮೆಂಟ್ ಹಾಗೆ. ಸಿಟ್ಟೆಲ್ಲ ಈ ಪುಸ್ತಕಕ್ಕೆ.

ಫಿಸಿಯೋ ಹುಡುಗಿ ಬಂದಿದ್ದಳು. "ಕಾಲಿಗೆ ಶಕ್ತಿ ಬಂದಿದೆ ಆಂಟಿ, ಅಂಕಲ್‌ಗೆ ಮನಸ್ಸಿಲ್ಲ ಅಷ್ಟೆ. ಕಿಟಕಿ ಹೊರಗೆ ಬಣ್ಣಬಣ್ಣದ ಹೂವಿದ್ರೆ ಈ ಕಡೆ ತಿರುಗ್ತಾರೇನೋ. ಗಿಡ ಹಾಕಿ." ನಾನು! ಇಪ್ಪತ್ತು ವರ್ಷದಿಂದ ಟಿಕೆಟ್ ಕೌಂಟರಿನಲ್ಲಿ ಕೂತವಳು. ನನ್ನ ಕೈಯಲ್ಲಿ ಪ್ಲಾಸ್ಟಿಕ್ ಹೂವೂ ಬಾಡುತ್ತದೆ.

ಸಂಜೆ ನಾದಿನಿಯ ಫೋನ್. "ಅತ್ತಿಗೆ, ಅಕ್ಟೋಬರ್ ಕೊನೆ ತನಕ ನೋಡೋಣ. ಅಣ್ಣ ತಾನಾಗಿ ಎದ್ದು ಓಡಾಡೋ ಹಾಗಾದ್ರೆ ಸರಿ. ಇಲ್ಲಾಂದ್ರೆ ನಾನು ಕರ್ಕೊಂಡು ಹೋಗ್ತೀನಿ. ನೀವು ಡ್ಯೂಟಿಗೆ ಹೋದಾಗ ಒಬ್ಬನೇ ಬಿದ್ದಿರ್ತಾನಲ್ಲ." ಅವಳ ಊರು ಇಡೀ ರಾತ್ರಿಯ ದಾರಿ. ಒಮ್ಮೆ ಕಳಿಸಿದರೆ ನಾನು ತಿಂಗಳಿಗೊಮ್ಮೆ ಹೋಗಿ ನೋಡಿಬರುವ ನೆಂಟಳಾಗುತ್ತೇನೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅದಕ್ಕೇ ಮೈ ಉರಿಯಿತು.

ಸೆ. 9, ಮಂಗಳವಾರ

ಡ್ಯೂಟಿ ಮುಗಿಸಿ ನರ್ಸರಿಗೆ ಹೋದೆ. ಗುಲಾಬಿ ತೋರಿಸಿದೆ. ಅಂಗಡಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲ ಸಲಾನಾ? ಹಾಗಾದ್ರೆ ಅದರ ತಂಟೆಗೆ ಹೋಗ್ಬೇಡಿ. ಸಾಯೋಕೆ ನೆಪ ಹುಡುಕೋ ಗಿಡ ಅದು."

ಎಷ್ಟು ಹೊತ್ತು ಬಿಸಿಲು ಬೀಳುತ್ತೆ ಎಂದಳು. ಗೊತ್ತಿಲ್ಲ. ನೀರು ನಿಲ್ಲುತ್ತಾ? ಗೊತ್ತಿಲ್ಲ. "ನೋಡ್ಕೊಂಡು ಬನ್ನಿ" ಎಂದು ಪಕ್ಕದವರ ಕಡೆ ತಿರುಗಿದಳು. ಕೌಂಟರಿನಲ್ಲಿ ನಾನು ದಿನಾ ಜನರಿಗೆ ಮಾಡುವುದನ್ನೇ ನನಗೆ ಮಾಡಿದಳು. ಬರಿಗೈಯಲ್ಲಿ ಬಂದೆ.

ಸೆ. 14, ಭಾನುವಾರ

ಬಿಸಿಲು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ. ನೀರು ನಿಲ್ಲುವುದಿಲ್ಲ. ನಿನ್ನೆ ಹೋಗಿ ಪಾಠ ಒಪ್ಪಿಸಿದೆ. ಜಿನ್ನಿಯಾ, ಚೆಂಡುಹೂ, ಪೆಟೂನಿಯಾ ಕೊಟ್ಟಳು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ನಡುವೆ ಒಂದೊಂದು ಗೇಣು ಬಿಡಬೇಕು. "ಇವು ಪಾಪದ ಗಿಡ. ಬಿಸಿಲಿದ್ರೆ ಬೇರೇನೂ ಕೇಳಲ್ಲ. ಮೊದಲ ಮೊಗ್ಗು ಬಂದಾಗ ಮಾತ್ರ ಕನಿಕರ ನೋಡದೆ ತುದಿ ಚಿವುಟಿಬಿಡಿ. ಆಗ ಪಕ್ಕದಲ್ಲಿ ಕವಲು ಒಡೆಯುತ್ತೆ. ಇಲ್ಲಾಂದ್ರೆ ಒಂದು ಕಡ್ಡಿ, ಒಂದು ಹೂ, ಅಷ್ಟೆ."

ಹೂವಿಗೆಂದೇ ನೆಟ್ಟು, ಬಂದ ಮೊಗ್ಗನ್ನೇ ಚಿವುಟುವುದಂತೆ. ಅವಳ ತಲೆ ನೆಟ್ಟಗಿದೆಯೋ ಇಲ್ಲವೋ. ಮಹಡಿ ಮೇಲಿನ ಓನರಮ್ಮನಿಗೂ ಇದನ್ನು ಹೇಳಿ ನಕ್ಕೆ, ಇವರ ಮಂಚದ ಪಕ್ಕದಲ್ಲೇ ನಿಂತು. ಓನರಮ್ಮ ನಗಲಿಲ್ಲ. ಪಾಪ, ನಾನು ಡ್ಯೂಟಿಯಲ್ಲಿರುವಾಗ ದಿನಾ ಹತ್ತು ಗಂಟೆಗೆ ಕೆಳಗಿಳಿದು ಇವರಿಗೆ ಟೀ ಕುಡಿಸುವುದು ಅವರೇ. ಹಿತ್ತಲ ಬಾಗಿಲಿನ ಇನ್ನೊಂದು ಕೀ ಅವರ ಹತ್ತಿರವೇ ಇದೆ.

ಇವತ್ತು ಇವರ ಕಿಟಕಿಯ ಹೊರಗೆ, ಹಿತ್ತಲಿನಲ್ಲಿ ನೆಟ್ಟೆ. ಸೊಂಟ ಬಿದ್ದುಹೋಯಿತು. ಉಗುರಿನ ತುಂಬ ಮಣ್ಣು. "ನೋಡಿ, ನಿಮಗೋಸ್ಕರ" ಎಂದೆ, ಅನೌನ್ಸ್‌ಮೆಂಟ್ ದನಿಯಲ್ಲಿ.

ಬೇಡ.

ಸೆ. 28, ಭಾನುವಾರ

ಮೊಗ್ಗು. ಜಿನ್ನಿಯಾದಲ್ಲಿ ಒಂದು, ಬಟಾಣಿ ಕಾಳಿನಷ್ಟು. ಬಗ್ಗಿ ಬಗ್ಗಿ ನೋಡಿದೆ. ನನ್ನ ಕೈಯಲ್ಲಿ ಗಿಡ ಬದುಕಿದ್ದೂ ಅಲ್ಲದೆ ಮೊಗ್ಗು ಬಿಟ್ಟಿದೆ. ಇವರಿಗೆ ಹೇಳಿದರೆ ಗೋಡೆ ನೋಡುತ್ತ ಮಲಗಿದ್ದಾರೆ. ಆ ಗೋಡೆಯಲ್ಲಿ ಏನಿದೆಯೋ, ಒಂದು ದಿನ ಸುಣ್ಣ ಕೆರೆದು ನೋಡುತ್ತೇನೆ.

ಸೆ. 30, ಮಂಗಳವಾರ

ಮೊಗ್ಗು ಇಲ್ಲ.

ಒಂದು ಗಂಟೆಗೆ ಬಂದೆ, ಚಪ್ಪಲಿ ಬಿಡದೆ ಹಿತ್ತಲಿಗೆ ಹೋದೆ, ಬರೀ ಕಡ್ಡಿ ನಿಂತಿದೆ. ಆಮೇಲೆ ಏನಾಯಿತೋ ನನಗೇ ತಿಳಿಯದು. ಬಾಯಿ ತಾನಾಗಿ ತೆರೆದುಕೊಂಡಿತು. "ಯಾರ ಕೈಯದು ಇದು? ಒಂದು ಮೊಗ್ಗು ಕಂಡ್ರೆ ಹೊಟ್ಟೆ ಉರಿಯೋರು ಯಾರಿದ್ದಾರೆ ಇಲ್ಲಿ? ಬೆನ್ನು ಮುರ್ಕೊಂಡು ನೆಟ್ಟಿದ್ದು ನಾನು, ಕಿತ್ಕೊಂಡು ಹೋಗೋಕೆ ನೀವಾ? ಇನ್ನೊಂದು ಸಲ ಮುಟ್ಟಿ ನೋಡಿ, ನಾನು ಯಾರು ಅಂತ ತೋರಿಸ್ತೀನಿ." ಐದು ತಿಂಗಳದ್ದು ಒಟ್ಟಿಗೇ ಬಂತು. ಪಕ್ಕದ ಮನೆಯ ಕಿಟಕಿಗಳೆಲ್ಲ ತೆರೆದವು.

ಒಳಗೆ ಬಂದೆ. ಇವರ ಭುಜ ಅಲುಗುತ್ತಿತ್ತು. ಹೆದರಿಸಿಬಿಟ್ಟೆನೇ? "ಏನೂ ಇಲ್ಲ ರೀ, ಏನೂ ಇಲ್ಲ" ಎಂದು ಬೆನ್ನು ಸವರಿದೆ. ಡಾಕ್ಟರಿಗೆ ಏನು ಹೇಳಲಿ.

ಅ. 3, ಶುಕ್ರವಾರ

ಇನ್ನೂ ಎರಡು. ಅದೂ ಜಜ್ಜಿ, ಸೀಳಿ, ಎಲೆಯನ್ನೂ ಹರಿದು. ಕದಿಯುವುದನ್ನಾದರೂ ನೀಟಾಗಿ ಕದಿಯಬಾರದೇ. ಮತ್ತೆ ಕೂಗಿದೆ. ತಡೆಯಲಾಗಲಿಲ್ಲ.

ಅ. 6, ಸೋಮವಾರ

ಹಿತ್ತಲಿಗೆ ಆಳೆತ್ತರದ ಗೋಡೆ. ಕೀ ಇರುವುದು ಇಬ್ಬರ ಹತ್ತಿರ. ಲೆಕ್ಕಕ್ಕೆ ಪಂಡಿತರು ಬೇಕಿಲ್ಲ. ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿಯೇಬಿಟ್ಟೆ. "ಮೊಗ್ಗು ಕೀಳ್ತಿರೋದು ನೀವೇ ತಾನೆ?"

ಓನರಮ್ಮನ ಮುಖ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬಾಯಿಗೆ ಬಂದದ್ದೆಲ್ಲ ಅಂದೆ. ವಯಸ್ಸಿಗೂ ಬೆಲೆ ಕೊಡಲಿಲ್ಲ. ಅವರು ಪೂರ್ತಿ ಕೇಳಿ, "ಮುಗೀತೇನಮ್ಮ? ಕೀ ವಾಪಸ್ ಬೇಕಿದ್ರೆ ತಗೋ" ಎಂದರು. ತೆಗೆದುಕೊಳ್ಳಲು ಕೈ ಬರಲಿಲ್ಲ. ಹತ್ತು ಗಂಟೆಗೆ ಇವರಿಗೆ ಇನ್ಯಾರು ದಿಕ್ಕು. ಬೈದು, ಬೈಸಿಕೊಂಡವರ ಹಂಗಿನಲ್ಲೇ ಇರಬೇಕು. ಥೂ, ನನ್ನ ಬಾಳೇ.

ಅ. 10, ಶುಕ್ರವಾರ

ಇವತ್ತು ಚೆಂಡುಹೂವಿನ ಸಾಲು. ಈ ಸಲ ಜಜ್ಜಿಲ್ಲ. ಎರಡೆಲೆಗಳ ಮೇಲೆ ಸರಿಯಾಗಿ, ಉಗುರಿನಲ್ಲಿ ಕತ್ತರಿಸಿದಂತಿದೆ. ಕಳ್ಳಿಗೆ ಕೈ ಕುದುರಿದೆ.

ಅ. 13, ಸೋಮವಾರ

ಇವತ್ತಿನದನ್ನು ಬರೆಯಲೇಬೇಕು.

ಕೌಂಟರಿನ ಕಂಪ್ಯೂಟರ್ ಕೈಕೊಟ್ಟಿತು. ಮನೆಗೆ ಹೋಗಿ ಎಂದರು. ಹತ್ತೂಕಾಲಿಗೆ ಬಂದೆ. ಮಂಚ ಖಾಲಿ. ಬಿದ್ದರು ಎಂದುಕೊಂಡೆ. ಬಾತ್‌ರೂಮು ನೋಡಿದೆ, ಅಡುಗೆಮನೆ ನೋಡಿದೆ. ಆಮೇಲೆ ಕಿಟಕಿ.

ಹಿತ್ತಲಿನಲ್ಲಿ ನಿಂತಿದ್ದರು. ನಿಂತಿದ್ದರು. ಎಡಗೈ ವಾಕರ್ ಮೇಲೆ. ಬಲಗೈಯನ್ನು ಸೊಂಟದಿಂದ ತಳ್ಳಿ ತಳ್ಳಿ ಮುಂದಕ್ಕೆ ತಂದು, ಹೆಬ್ಬೆರಳು ತೋರುಬೆರಳಿನ ನಡುವೆ ಪೆಟೂನಿಯಾ ತುದಿ ಹಿಡಿದರು. ಜಾರಿತು. ಮತ್ತೆ ಹಿಡಿದರು. ಮತ್ತೆ ಜಾರಿತು. ವಾಚ್ ರಿಪೇರಿ ಮಾಡುತ್ತಿದ್ದ ಬೆರಳುಗಳು ಅವು. ಕೂದಲೆಳೆಯ ಸ್ಪ್ರಿಂಗ್ ಹಿಡಿಯುತ್ತಿದ್ದವು. ಓನರಮ್ಮ ಟೀ ಲೋಟ ಹಿಡಿದು ಪಕ್ಕದಲ್ಲಿ ನಿಂತು, "ಆತುರ ಪಡ್ಬೇಡಪ್ಪ, ಇನ್ನೊಂದು ಸಲ" ಎನ್ನುತ್ತಿದ್ದರು.

ನನ್ನ ಎದುರು ಚಮಚ ಎತ್ತದ ಕೈ. ನನ್ನ ಎದುರು ಮಂಚದಿಂದ ಇಳಿಯದ ಕಾಲು. ಸಿಟ್ಟು ನೆತ್ತಿಗೇರಿತು. ಬಾಗಿಲು ದೂಡಿ ಹೋಗಿ ಎರಡು ಬಾರಿಸಬೇಕು ಅನ್ನಿಸಿತು. ಹೋಗಲಿಲ್ಲ. ನನ್ನನ್ನು ಕಂಡು ಗಾಬರಿಯಿಂದ ಬಿದ್ದರೆ? ಕಳ್ಳಿಯ ಹಾಗೆ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಕೂತೆ. ಅತ್ತೆ. ಬೈದೆ. ಪಕ್ಕ ಕೂತವರು ಎದ್ದು ಹೋದರು.

ಒಂದು ಗಂಟೆಗೆ, ಎಂದಿನ ಹಾಗೆ, ಚಪ್ಪಲಿ ಸದ್ದು ಮಾಡುತ್ತ ಬಂದೆ. ಹಿತ್ತಲಿಗೆ ಹೋಗಿ ಎಂದಿನ ಹಾಗೆ ಕೂಗಿದೆ. "ಇವತ್ತೂ ಬಂದಿದ್ದಾರೆ ಮಹಾರಾಯರು." ಮೆಲ್ಲಗೆ ಹಿಂದಿರುಗಿ ಇಣುಕಿದೆ. ಗೋಡೆಗೆ ಮುಖ. ಭುಜ ಅಲುಗುತ್ತಿದೆ.

ನಗುತ್ತಿದ್ದಾರೆ.

ಅ. 15, ಬುಧವಾರ

ಓನರಮ್ಮನ ಮನೆಗೆ ಹೋಗಿ ನಿಂತೆ. ಕ್ಷಮಿಸಿ ಅನ್ನುವ ಮೊದಲೇ, "ಮೊದಲನೇದು ನಾನೇ ಕಿತ್ತದ್ದು ಕಣಮ್ಮ. ನಿನ್ನ ಗಿಡ ಕವಲೊಡೆಯಲಿ ಅಂತ" ಎಂದರು. "ಅವತ್ತು ನೀನು ಕೂಗಾಡಿದೆ ನೋಡು, ಮಾರನೇ ದಿನ ಟೀ ಕೊಡೋಕೆ ಬಂದ್ರೆ ನಿನ್ನ ಗಂಡ ನಿನ್ನ ಹಾಗೇ ಕೈ ಆಡಿಸಿ ತೋರಿಸಿ ನಗ್ತಿದ್ದ. ಆಮೇಲೆ ತಾನೇ ವಾಕರ್ ಎಳ್ಕೊಂಡ."

"ನನಗೆ ಹೇಳೋದಲ್ವಾ?"

"ಹೇಳೋಕೆ ಹೊರಟ್ರೆ ಬಾಯಿ ಮೇಲೆ ಬೆರಳಿಟ್ಟ. ಆ ಕೈಯೇ, ಬಲಗೈ. ಅದಕ್ಕೇ ನಿನ್ನ ಬೈಗುಳ ತಿಂದು ಸುಮ್ಮನಿದ್ದೆ. ಐದಾರು ತಿಂಗಳಿಂದ ನೀನು ಅವನ ಹತ್ರ ಆಸ್ಪತ್ರೆಯವರ ಹಾಗೆ ಮಾತಾಡ್ತಿದ್ದೆ ಕಣಮ್ಮ. ಅವನಿಗೆ ಹೆಂಡತಿ ಬೇಕಿತ್ತು."

ಡಾಕ್ಟರ್ ಬೇಡವೆಂದದ್ದೇ ಮದ್ದಾಗಿತ್ತು. ಯಾರ ಮೇಲೆ ಸಿಟ್ಟಾಗಲಿ ಈಗ? ಡಾಕ್ಟರ ಮೇಲೆ. ನನ್ನ ಮೇಲೆ. ಆ ಭುಜದ ಮೇಲೆ.

ಅ. 22, ಬುಧವಾರ

ಒಂದು ಕಡ್ಡಿಗೆ ನಾಲ್ಕು ಕವಲು, ಐದು ಕವಲು. ಜಿನ್ನಿಯಾ ಅರಳಿದೆ, ಕೆಂಪು, ಕಿತ್ತಳೆ. ನರ್ಸರಿಯವಳ ತಲೆ ನೆಟ್ಟಗೇ ಇದೆ.

ನಾದಿನಿಗೆ ಫೋನ್ ಮಾಡಿದೆ. ನಡೆಯುತ್ತಾರೆ ಎಂದೆ. "ನಿಮ್ಮೆದುರು ನಡೆದ್ನಾ ಅತ್ತಿಗೆ?" ಇಲ್ಲ. "ಕಳಿಸೋಕೆ ಮನಸ್ಸಿಲ್ಲ, ಅದಕ್ಕೆ ಹೇಳ್ತಿದ್ದೀರಿ. ಭಾನುವಾರ ಕಾರು ತರ್ತೀನಿ. ಕಣ್ಣಾರೆ ಕಂಡ್ರೆ ಬಿಟ್ಟು ಹೋಗ್ತೀನಿ."

ಅ. 25, ಶನಿವಾರ

ಇವರ ಎದುರು ಕೂತೆ. "ರೀ, ನಾಳೆ ನಿಮ್ಮ ತಂಗಿ ಬರ್ತಾಳೆ. ಅವಳ ಜೊತೆ ಹೋಗ್ತೀರಾ?" ಬೇಡ. "ಇಲ್ಲೇ ಇರ್ತೀರಾ?" ಬೇಡ. "ಹಾಗಾದ್ರೆ ಏನು ಬೇಕು ನಿಮಗೆ?" ಬೇಡ.

ಅನೌನ್ಸ್‌ಮೆಂಟ್ ದನಿ ಮುಗಿಯಿತು. "ಮೊಗ್ಗು ಕದಿಯೋಕೆ ಕಾಲು ಬರುತ್ತೆ, ಸಂಸಾರ ಮಾಡೋಕೆ ಬರಲ್ವಾ? ಎಲ್ಲಾ ಗೊತ್ತು ನನಗೆ" ಎಂದೆ, ಮುಖದ ಮೇಲೇ. ಕಣ್ಣು ಪಿಳಿಪಿಳಿ ಬಿಟ್ಟರು. ಈ ಸಲ ನಗಲಿಲ್ಲ. ಮತ್ತೆ ಗೋಡೆ.

ಕೆಡಿಸಿಬಿಟ್ಟೆನೇನೋ.

ಅ. 26, ಭಾನುವಾರ, ಬೆಳಿಗ್ಗೆ 11

ಬಾಗಿಲಲ್ಲಿ ಕಾರು. ನಾದಿನಿ ಬೆಲ್ ಒತ್ತುತ್ತಿದ್ದಾಳೆ. ಅಡುಗೆಮನೆಯಲ್ಲಿ ಕೂತಿದ್ದೇನೆ. ಬೆಳಿಗ್ಗೆಯಿಂದ ಇವರು ಅಲುಗಿಲ್ಲ.

ಏಳುವುದಿಲ್ಲ ನಾನು. "ರೀ, ಬಾಗಿಲು ತೆಗೀರಿ. ನನ್ನ ಕೈಯೆಲ್ಲ ಮಣ್ಣು" ಎಂದು ಕೂಗಿದೆ. ಹಳೆಯ ದನಿಯಲ್ಲೇ. ಕೈಯಲ್ಲಿ ಪೆನ್ನು ಬಿಟ್ಟು ಏನೂ ಇಲ್ಲ.

ಎರಡನೇ ಬೆಲ್. ಏನೂ ಇಲ್ಲ. ಬೇಡವಾದರೆ ಬೇಡ. ಹೋಗಲಿ. ಬಟ್ಟೆ ಜೋಡಿಸಿ—

ಮಂಚ ಕಿರುಗುಟ್ಟಿತು.

ವಾಕರಿನ ರಬ್ಬರ್ ಕಾಲು. ಒಂದು. ನಿಂತಿತು. ಇನ್ನೊಂದು. ಹಿತ್ತಲ ಕಡೆ ಅಲ್ಲ, ಮುಂಬಾಗಿಲ ಕಡೆ. ಎಷ್ಟು ನಿಧಾನ ಈ ಮನುಷ್ಯ, ಅವಳು ಬೇಸತ್ತು ವಾಪಸ್ ಹೋದರೆ? ಮೂರನೇ ಬೆಲ್. ತಾಳೇ ತಾಯಿ, ಬರುತ್ತಿದ್ದಾರೆ. ಎದ್ದು ಹೋಗಬಾರದು. ಹೋಗಬಾರದು. ಚಿಲಕದ ಸದ್ದು, ಕೈ ಹಾಕಿದರು, ಜಾರಿತು, ಮತ್ತೆ—