ಬೆನ್ನಿನ ಮೇಲಿನ ಬಿಳಿ ಪಟ್ಟಿ

ಪಾಣೆಮಂಗಳೂರು
ತಾ. 6-2-2008

ಮಗಳ ಹಾಗಿರುವ ಪ್ರೀತಿಯ ಮೋಳೆ ಸಬೀಹಾಗೆ ನಿನ್ನ ಇಬ್ರಾಹಿಂ ಮಾಮನ ಸಲಾಂ.

ಅಯಸ್ಕಾಂತದ ಯಂತ್ರದೊಳಗೆ ಕವುಚಿ ಮಲಗಿ, ಬೆನ್ನುಮೂಳೆಯಲ್ಲಿ ಸೂಜಿ ಎಲ್ಲಿಗೆ ಹೋಗಬೇಕೆಂದು ಡಾಕ್ಟರಿಗೇ ದಾರಿ ತೋರಿಸಿದ ಮನುಷ್ಯ ಈ ದೇಶದಲ್ಲಿ ನಾನೊಬ್ಬನೇ. ಇಂಥ ಬೆನ್ನು ತಾನು ನೋಡಿಯೇ ಇಲ್ಲ ಎಂದು ಡಾಕ್ಟರು ಕೈ ಕುಲುಕಿದರು. ಶಾರ್ಜಾದಲ್ಲಿ ನಿನ್ನ ಗಂಡನ ಸ್ನೇಹಿತರಿಗೂ ಇದನ್ನು ಹೇಳಬಹುದು.

ನನ್ನ ತಂಗಿಗೂ, ಅಂದರೆ ನಿನ್ನ ಉಮ್ಮನಿಗೂ, ಇದನ್ನೇ ಮಾಡಿಸುವುದೇ ಎಂದು ನೀನು ಕೇಳಿದ್ದೀ. ಫೋನಿನಲ್ಲಿ ಉತ್ತರ ಹೇಳುವ ಹಾಗಿಲ್ಲ. ಫೋನಿರುವುದು ಚಾವಡಿಯಲ್ಲಿ, ಚಾವಡಿ ತುಂಬ ನನ್ನನ್ನು ನೋಡಲು ಬಂದವರು. ಆಸ್ಪತ್ರೆಯಿಂದ ಬಂದವನನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಮಾತು ಉಳಿಯುತ್ತದಲ್ಲ. ಕಿತ್ತಳೆ, ಬಿಸ್ಕತ್ತು ಹಿಡಿದುಕೊಂಡು ಬರುತ್ತಾರೆ, ಅಂಗಿ ಎತ್ತಿಸಿ ಬೆನ್ನಿನ ಬಿಳಿ ಪಟ್ಟಿ ನೋಡುತ್ತಾರೆ, ಈಗ ಹೇಗುಂಟು ಎನ್ನುತ್ತಾರೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ನಗಬೇಕು. ಪಕ್ಕದ ಮನೆಯ ಅಬ್ಬಾಸ್ ಅಂತೂ, "ಎಂತ ಮಾರಾಯ, ಮದುಮಗನ ಹಾಗೆ ಕೂತಿದ್ದೀಯಲ್ಲ" ಎಂದ. ಸೊಂಟದಿಂದ ಹಿಮ್ಮಡಿಯವರೆಗೆ ಉರಿಯುತ್ತಿದ್ದರೂ ಮಲಗುವ ಹಾಗಿಲ್ಲ. ನಿನ್ನ ಮಾಮಿ ಬೀಯಮ್ಮ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖದ ಬೆವರು ನೋಡುತ್ತಾಳೆ.

ಮೋಳೆ, ಆ ಸೂಜಿ ಒಳಗೆ ಹೋಗಲೇ ಇಲ್ಲ.

ಆ ಎಂ.ಆರ್.ಐ. ಯಂತ್ರವೆಂದರೆ ಮೇಲೊಂದು, ಕೆಳಗೊಂದು ದೊಡ್ಡ ತಟ್ಟೆ, ನಡುವೆ ನಾವು. ಬದಿ ತೆರೆದಿರುತ್ತದೆ, ಡಾಕ್ಟರು ಅಲ್ಲೇ ನಿಲ್ಲುತ್ತಾರೆ. ಒಂದು ಚಿತ್ರ ತೆಗೆಯುವುದು, ಸೂಜಿಯನ್ನು ಸ್ವಲ್ಪ ಮುಂದೆ ತಳ್ಳುವುದು, ಮತ್ತೆ ಚಿತ್ರ. ಹಾಗೆ ನೋಡಿಕೊಂಡೇ, ಒತ್ತಿಹೋದ ನರದ ಬುಡಕ್ಕೆ ಮದ್ದು ಬಿಡುತ್ತಾರೆ. ಕೊಯ್ಯುವುದು, ಹೊಲಿಯುವುದು ಇಲ್ಲ. ಒಳ್ಳೆಯ ಕೆಲಸ, ಅದರಲ್ಲಿ ಸುಳ್ಳಿಲ್ಲ. ಆದರೆ ಅಲುಗಬಾರದು. ನನಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚಿತ್ರ ತೆಗೆಯಲು ಶುರು ಮಾಡಿದಾಗ ಯಂತ್ರ ಹಂಚಿನ ಕಾರ್ಖಾನೆಯ ಹಾಗೆ ಬಡಿಯತೊಡಗಿತು. ಮೇಲಿನ ತಟ್ಟೆ ಬೆನ್ನಿನ ಮೇಲೆ ಇಳಿಯುತ್ತಿದೆ ಅನ್ನಿಸಿತು. ಇಳಿಯುತ್ತಿರಲಿಲ್ಲ. ಮೂಗು ದಿಂಬಿನಲ್ಲಿ ಹೂತು ಉಸಿರೇ ಸಿಗಲಿಲ್ಲ. ಬೇಕಾದರೆ ಕರೆಯಲು ಕೈಯಲ್ಲಿ ಕೊಟ್ಟಿದ್ದ ರಬ್ಬರಿನ ಚೆಂಡನ್ನು ಹಿಂಡಿದೆ, ಹಿಂಡುತ್ತಲೇ ಇದ್ದೆ. ಹೊರಗೆ ಎಳೆದ ಮೇಲೆ, ನೋವು ಪೂರ್ತಿ ಹೋಯಿತು ಡಾಕ್ಟ್ರೇ, ಇನ್ನು ಸೂಜಿ ಬೇಡ ಎಂದು ಹೇಳಿ, ಅಂಗಿಯ ಒಳಮೈ ಹೊರಗಾಗಿ ಹಾಕಿಕೊಂಡು ಬಂದೆ. ಊರೆಲ್ಲ ನೋಡುತ್ತಿರುವ ಪಟ್ಟಿ ಆ ಇಂಜೆಕ್ಷನ್ನಿನದ್ದು.

ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಮೊನ್ನೆ ಮೂಡುಬಿದಿರೆಯಿಂದ ನಿನ್ನ ಉಮ್ಮ ಬಂದಳು. ಬಲಗಾಲು ಎಳೆದುಕೊಂಡು ಬಂದಳು. ಆ ಕಾಲಿನ ಚಪ್ಪಲಿ ಮೆಟ್ಟಿಲಲ್ಲೇ ಕಳಚಿ ಉಳಿದದ್ದು ಅವಳಿಗೆ ತಿಳಿಯಲಿಲ್ಲ. ಅಣ್ಣನಾದ ನನ್ನ ಪಕ್ಕ ಕೂತು, "ಕಾಕ, ನೀನು ಕೂತದ್ದು ನೋಡಿ ನನಗೆ ಧೈರ್ಯ ಬಂತು. ನಿದ್ದೆ ಮಾಡಿದ ಹಾಗೆ ಅಂತ ಹೇಳಿದ್ದೀಯಲ್ಲ, ನಾನೂ ಮಲಗ್ತೇನೆ" ಎಂದಳು. ಲಿಫ್ಟಿನೊಳಗೆ ಕಾಲಿಡದ ಹೆಂಗಸು ನನ್ನ ತಂಗಿ. ನನ್ನ ಮಾತು ನಂಬಿ ಹೋಗಿ, ಸೂಜಿ ಬೆನ್ನೊಳಗಿರುವಾಗಲೇ ಗಾಬರಿಯಾಗಿ ಎದ್ದರೆ?

ಬಂದವರೆಲ್ಲ ಹೋದ ಮೇಲೆ ಅವಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಹಾಗಾದ್ರೆ ಮೊದಲು ಚಾಪೆ ಮೇಲೆ ಮಲಗು, ಕೂತೇ ಸಾಯ್ತೀಯಾ?" ಎಂದು ದಿಂಬು ತಂದಿಟ್ಟಳು. ಆಮೇಲೆ ಷರತ್ತು ಹಾಕಿದಳು: ತಾನು ಹೋಗಿಯೇ ಹೋಗುವುದು, ಆದರೆ ಮುಗಿಯುವವರೆಗೆ ನಾನು ಒಳಗೆ ನಿಂತು ಅವಳ ಕಾಲು ಹಿಡಿದುಕೊಳ್ಳಬೇಕು. ಆಸ್ಪತ್ರೆಯವರು ಒಪ್ಪಿದ್ದಾರೆ. ಈ ತಿಂಗಳ ಹದಿನೆಂಟಕ್ಕೆ. ಆ ಕೋಣೆಯ ದಪ್ಪ ಬಾಗಿಲು ಮುಚ್ಚುವ ಸದ್ದು ಈಗಲೇ ನನ್ನ ಕಿವಿಯಲ್ಲಿ ಉಂಟು. ಜೋಮು ಹಿಡಿದ ಬಲಗಾಲು ಹಿಡಿದರೆ ನನ್ನ ಕೈ ನಡುಗುವುದು ಅವಳಿಗೆ ಗೊತ್ತಾಗಲಿಕ್ಕಿಲ್ಲ. ಆದರೆ ನಾನು ಹಿಡಿದುಕೊಂಡದ್ದೂ ಗೊತ್ತಾಗಲಿಕ್ಕಿಲ್ಲವಲ್ಲ. ಎಡಗಾಲನ್ನೇ ಹಿಡಿಯುತ್ತೇನೆ.

ನಾಳೆ ನಿಮ್ಮಲ್ಲಿಗೆ ವಿಮಾನ ಹತ್ತುವ ನಮ್ಮೂರ ಹುಡುಗ ಇರ್ಷಾದ್‌ನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಹರಿದುಬಿಡು. ದುಆದಲ್ಲಿ ನಮ್ಮಿಬ್ಬರನ್ನೂ ನೆನೆ.

ನಿನ್ನ ಮಾಮ,
ಇಬ್ರಾಹಿಂ ಖಲೀಲ್

ತಾ.ಕ.: ಚೌಕಾಸಿ ಮಾಡಿ ಎಂಟು ಸಾವಿರಕ್ಕೆ ಇಳಿಸಿದೆ ಎಂದು ನಿನಗೆ ಹೇಳಿದ್ದೆನಲ್ಲ, ಆ ಲೆಕ್ಕದಲ್ಲಿ ಹಣ ಕಳಿಸಬೇಡ, ಉಮ್ಮನಿಗೆ ಸಾಲದು. ಅವರು ಒಂದು ರೂಪಾಯಿಯೂ ಇಳಿಸಲಿಲ್ಲ, ಎದ್ದು ಬಂದವನಿಗೆ ಹಿಂದೆ ಕೊಡಲೂ ಇಲ್ಲ. ನನ್ನದು ಹೋದದ್ದು ಇಪ್ಪತ್ತೆರಡು ಸಾವಿರದ ಆರುನೂರು.